ಈ ಅಕ್ಷರವನ್ನು ಎಷ್ಟು ನಂಬಬಹುದು?

ಕಂಪ್ಯೂಟರ್ ಪರದೆಯ ಮೇಲೆ ನಾಲ್ಕು ಬಣ್ಣದ ಗೆರೆಗಳು. ಹಸಿರು ಅಂದರೆ ಎ, ನೀಲಿ ಸಿ, ಕಪ್ಪು ಜಿ, ಕೆಂಪು ಟಿ: ಡಿಎನ್‌ಎಯ ನಾಲ್ಕು ಅಕ್ಷರಗಳು ಇವೇ. ಒಂದು ಗೆರೆ ಏರಿ ಗುಡ್ಡದ ಹಾಗಾಗಿ ಇಳಿಯುತ್ತದೆ, ಪಕ್ಕದಲ್ಲೇ ಇನ್ನೊಂದು ಬಣ್ಣದ ಗುಡ್ಡ ಏಳುತ್ತದೆ. ಸ್ಯಾಂಗರ್ ವಿಧಾನದಲ್ಲಿ ಡಿಎನ್‌ಎ ಓದಿದಾಗ ಕೈಗೆ ಸಿಗುವುದು ಇಷ್ಟು. ಬಣ್ಣ ನೋಡಿ ಅಕ್ಷರ ಬರೆದುಕೊಂಡು ಹೋದರಾಯಿತು. ಸುಲಭ ಅಲ್ವಾ?

ನಡುಭಾಗದಲ್ಲಿ ಸುಲಭವೇ. ಗುಡ್ಡಗಳು ಚೂಪಾಗಿ, ಸಮ ಅಂತರದಲ್ಲಿ ನಿಂತಿರುತ್ತವೆ. ಶುರುವಿನಲ್ಲಿ ಮಾತ್ರ ಸ್ವಲ್ಪ ದೂರ ಎಲ್ಲ ಕಲಸುಮೇಲೋಗರ. ಏಳೆಂಟು ನೂರು ಅಕ್ಷರ ದಾಟಿದ ಮೇಲಂತೂ ಗುಡ್ಡಗಳು ತಗ್ಗಿ, ಅಗಲವಾಗಿ, ಒಂದರ ಮೇಲೊಂದು ಒರಗುತ್ತವೆ. ಅಲ್ಲಿರುವುದು ಮೂರು ಜಿಗಳೋ ನಾಲ್ಕೋ? ಮೊದಲೆಲ್ಲ ಇಂಥ ಜಾಗಗಳನ್ನು ಜನ ಕೂತು, ಕಣ್ಣಲ್ಲೇ ನೋಡಿ ತಿದ್ದುತ್ತಿದ್ದರು. ಮನುಷ್ಯನ ಜೀನೋಮ್‌ನಲ್ಲಿ, ಅಂದರೆ ಡಿಎನ್‌ಎಯ ಒಂದು ಪೂರ್ತಿ ಸೆಟ್‌ನಲ್ಲಿ, ಸುಮಾರು 300 ಕೋಟಿ ಅಕ್ಷರಗಳಿವೆ. ಕಣ್ಣನ್ನೇ ನಂಬಿ ಕೂತರೆ ಮುಗಿಯುವ ಕೆಲಸವಲ್ಲ ಅದು.

ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಫಿಲ್ ಗ್ರೀನ್ ಮತ್ತು ಬ್ರೆಂಟ್ ಯೂಯಿಂಗ್ ಈ ಕೆಲಸಕ್ಕೆ ಫ್ರೆಡ್ ಎಂಬ ಸಾಫ್ಟ್‌ವೇರ್ ಮಾಡಿದರು. ಅದರ ವಿವರ 1998ರಲ್ಲಿ ಪ್ರಕಟವಾಯಿತು. ಫ್ರೆಡ್ ಮೊದಲು ಗುಡ್ಡಗಳು ಎಲ್ಲೆಲ್ಲಿ ಬರಬೇಕು ಅಂತ ಲೆಕ್ಕ ಹಾಕುತ್ತದೆ. ಆಮೇಲೆ ಕಂಡ ಗುಡ್ಡಗಳನ್ನು ಆ ಲೆಕ್ಕಕ್ಕೆ ಹೊಂದಿಸಿ ಅಕ್ಷರ ಬರೆಯುತ್ತದೆ. ಚೆನ್ನಾಗಿ ಓದುತ್ತಿತ್ತು, ನಿಜ. ಆದರೆ ನನಗೆ ಅದರಲ್ಲಿ ತುಂಬ ಇಷ್ಟವಾಗುವುದು ಬೇರೆ: ಪ್ರತಿ ಅಕ್ಷರದ ಜೊತೆಗೆ ಅದನ್ನು ಎಷ್ಟು ನಂಬಬಹುದು ಅಂತ ಒಂದು ಅಂಕವನ್ನೂ ಬರೆದಿಡುತ್ತದೆ.

ಅಂಕ 10 ಇದ್ದರೆ ತಪ್ಪಾಗುವ ಸಾಧ್ಯತೆ 10ರಲ್ಲಿ 1. 20 ಇದ್ದರೆ 100ರಲ್ಲಿ 1, 30ಕ್ಕೆ 1,000ದಲ್ಲಿ 1. ಇದು ಸುಮ್ನೆ ಅಂದಾಜಿಗೆ ಕೊಟ್ಟ ಅಂಕವಲ್ಲ. ಸರಿಯುತ್ತರ ಮೊದಲೇ ಗೊತ್ತಿದ್ದ ಡಿಎನ್‌ಎಯನ್ನು ಫ್ರೆಡ್‌ನಿಂದ ಓದಿಸಿದರು. ಅಂತರ ಏರುಪೇರಾದ ಕಡೆ ಎಷ್ಟು ತಪ್ಪಾಯಿತು, ದೊಡ್ಡ ಗುಡ್ಡದ ಬುಡದಲ್ಲಿ ಬೇರೆ ಬಣ್ಣದ ಮರಿಗುಡ್ಡ ಇಣುಕಿದ ಕಡೆ ಎಷ್ಟು ತಪ್ಪಾಯಿತು ಅಂತ ಎಣಿಸಿ ಪಟ್ಟಿ ಮಾಡಿದರು. ಅಂಕ ಬರುವುದು ಆ ಪಟ್ಟಿಯಿಂದ.

1,000ದಲ್ಲಿ ಒಂದೇ ತಪ್ಪು ಅಂದರೆ ಸಾಲದೇ? ಲೆಕ್ಕ ಹಾಕಿ ನೋಡಿ. 300 ಕೋಟಿ ಅಕ್ಷರಗಳನ್ನು ಒಂದೊಂದೇ ಸಲ ಓದಿದರೆ 30 ಲಕ್ಷ ತಪ್ಪು. ಇಬ್ಬರು ಮನುಷ್ಯರ ಡಿಎನ್‌ಎ ನಡುವಿನ ವ್ಯತ್ಯಾಸವೂ ಹೆಚ್ಚುಕಡಿಮೆ 1,000 ಅಕ್ಷರಕ್ಕೆ ಒಂದು. ಹಾಗಾದರೆ ಕಂಡದ್ದರಲ್ಲಿ ನಿಜವಾದ ವ್ಯತ್ಯಾಸ ಯಾವುದು, ಓದಿನ ತಪ್ಪು ಯಾವುದು? ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ ಕಾರಣ ಹಿಮೋಗ್ಲೋಬಿನ್ ಜೀನ್‌ನಲ್ಲಿ ಒಂದು ಎ ಇರುವ ಜಾಗದಲ್ಲಿ ಟಿ ಬರುವುದು. ಒಂದು ಅಕ್ಷರದ ವಿಷಯ ಸಣ್ಣದಲ್ಲ.

ಅದಕ್ಕೇ ಒಂದೇ ಜಾಗವನ್ನು ಮತ್ತೆ ಮತ್ತೆ ಓದುತ್ತಾರೆ. ಒಂದು ರೀಡ್, ಅಂದರೆ ಒಂದು ಸಲದ ಓದು, ಟಿ ಅನ್ನುತ್ತದೆ, ಅಂಕ 12. ಇನ್ನೊಂದು ಸಿ ಅನ್ನುತ್ತದೆ, ಅಂಕ 45. ಯಾರ ಮಾತಿಗೆ ತೂಕ ಜಾಸ್ತಿ ಅಂತ ಯಾರನ್ನೂ ಕೇಳಬೇಕಿಲ್ಲ. ಮನುಷ್ಯನ ಜೀನೋಮ್ ಯೋಜನೆ ಇಟ್ಟುಕೊಂಡ ಗುರಿ 10,000 ಅಕ್ಷರಕ್ಕೆ ಒಂದಕ್ಕಿಂತ ಜಾಸ್ತಿ ತಪ್ಪಿರಬಾರದು ಎನ್ನುವುದು. ಗುರಿ ಮುಟ್ಟಿದೆವೋ ಇಲ್ಲವೋ ಅಂತ ಅಳೆಯಲು ಇಂಥದೊಂದು ಕೋಲು ಬೇಕೇ ಬೇಕಿತ್ತು.

ಈಗ ಯಂತ್ರಗಳೇ ಬದಲಾಗಿವೆ. ಕೆಲವು ಬೆಳಕಿನ ಚುಕ್ಕೆಗಳ ಫೋಟೋ ತೆಗೆಯುತ್ತವೆ. ಕೆಲವು ಡಿಎನ್‌ಎ ಎಳೆ ಸಣ್ಣ ರಂಧ್ರದಲ್ಲಿ ಹಾಯುವಾಗ ಕರೆಂಟಿನ ಏರಿಳಿತ ನೋಡುತ್ತವೆ. ಅಳತೆಗೋಲು ಮಾತ್ರ ಫ್ರೆಡ್ ಕಾಲದ್ದೇ. ಓದಿದ್ದನ್ನೆಲ್ಲ ಬರೆದಿಡುವ ಫಾಸ್ಟ್‌ಕ್ಯೂ ಎಂಬ ಬಗೆಯ ಫೈಲೊಂದನ್ನು ತೆರೆದರೆ ಪ್ರತಿ ರೀಡ್‌ಗೆ ನಾಲ್ಕು ಸಾಲು. ಎರಡನೆಯದರಲ್ಲಿ ಅಕ್ಷರಗಳು. ನಾಲ್ಕನೆಯದು ನೋಡಿದರೆ ಮಗು ಕೀಬೋರ್ಡ್ ಮೇಲೆ ಕೈಯಾಡಿಸಿದ ಹಾಗಿರುತ್ತದೆ. ಅದೇ ಅಂಕಗಳ ಸಾಲು, ಒಂದು ಅಂಕಕ್ಕೆ ಒಂದು ಚಿಹ್ನೆ. ಇಂಗ್ಲಿಷಿನ ದೊಡ್ಡ ಐ ಇದ್ದರೆ 40, ಪ್ರಶ್ನೆ ಚಿಹ್ನೆ ಇದ್ದರೆ 30, ಆಶ್ಚರ್ಯ ಚಿಹ್ನೆ ಇದ್ದರೆ ಸೊನ್ನೆ. ರೀಡ್‌ನ ಕೊನೆಯಲ್ಲಿ ಕಡಿಮೆ ಅಂಕದ ಚಿಹ್ನೆಗಳು ಗುಂಪುಗಟ್ಟಿದ್ದರೆ, ಅಷ್ಟು ತುದಿಯನ್ನು ಕತ್ತರಿಸಿ ಬಿಸಾಡಿ ಮುಂದಿನ ಕೆಲಸ ಶುರುಮಾಡುತ್ತಾರೆ.