ಮಳೆ ಬಂದ ಮಾರನೇ ದಿನ ಕೆರೆ ಮೀನು ಯಾಕೆ ಸಾಯುತ್ತವೆ?

ಪ್ರಶ್ನೆ: ನಮ್ಮ ಮನೆ ಮೈಸೂರಿನ ಒಂದು ಕೆರೆ ಪಕ್ಕ. ಸುತ್ತ ಒಂದು ಫ್ಯಾಕ್ಟರಿಯೂ ಇಲ್ಲ, ಆದರೂ ನೀರೆಲ್ಲ ಹಸಿರು. ಮೊನ್ನೆ ಮಳೆ ಬಿದ್ದ ಮಾರನೇ ಬೆಳಿಗ್ಗೆ ಮೀನು ರಾಶಿ ರಾಶಿ ಸತ್ತು ತೇಲುತ್ತಿದ್ದವು. ಯಾರೋ ವಿಷ ಹಾಕಿದ್ದಾರೆ ಅಂತಾರೆ. ನಿಜವಾ?

ಉತ್ತರ: ವಿಷ ಹಾಕಿರಲೇಬೇಕು ಅಂತೇನಿಲ್ಲ. ಹಸಿರು ತಿರುಗಿದ ಕೆರೆಯಲ್ಲಿ ಹೆಚ್ಚಿನ ಸಲ ನಡೆಯುವುದು ಅಜೀರ್ಣದ ಕಥೆ. ಕೆರೆಗೆ ಊಟ ಜಾಸ್ತಿಯಾಗಿದೆ.

ಆ ಊಟ ಬರುವುದು ನಮ್ಮ ಚರಂಡಿಯಿಂದ. ಕಕ್ಕಸು, ಬಚ್ಚಲು, ಪಾತ್ರೆ ತೊಳೆದ ನೀರು, ಎಲ್ಲದರಲ್ಲೂ ಸಾರಜನಕ ಮತ್ತು ರಂಜಕ ಇರುತ್ತವೆ. ಮಂಡ್ಯದ ಕಡೆಯಾದರೆ ಗದ್ದೆಯಿಂದ ಬಸಿದ ನೀರೂ ಸೇರಿಕೊಳ್ಳುತ್ತದೆ. ಡಿಎಪಿ ಗೊಬ್ಬರದ ಮೂಟೆ ಮೇಲೆ 18-46 ಅಂತ ಬರೆದಿರುವುದನ್ನು ನೋಡಿರುತ್ತೀರಿ. ಆ 46 ರಂಜಕದ ಲೆಕ್ಕ. ಭತ್ತಕ್ಕೆ ಯಾವುದು ಗೊಬ್ಬರವೋ ಪಾಚಿಗೂ ಅದೇ ಗೊಬ್ಬರ.

ಕೆನಡಾದಲ್ಲಿ 1973ರಲ್ಲಿ ವಿಜ್ಞಾನಿಗಳು ಒಂದು ಕೆರೆಯ ನಡುವೆ ಪ್ಲಾಸ್ಟಿಕ್ ಪರದೆ ಇಳಿಬಿಟ್ಟು ಎರಡು ಪಾಲು ಮಾಡಿದರು. ಎರಡೂ ಕಡೆ ಇಂಗಾಲ, ಸಾರಜನಕ ಹಾಕಿದರು. ರಂಜಕ ಹಾಕಿದ್ದು ಒಂದೇ ಕಡೆ. ಹಸಿರಾಗಿದ್ದು ಅದೊಂದೇ ಪಾಲು!

ಇನ್ನು ಮೀನಿನ ವಿಷಯ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ಸರಿ. ಆದರೆ ರಾತ್ರಿ ಅದೂ ಉಸಿರಾಡಬೇಕಲ್ವಾ? 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಗಾಳಿಯಿಂದ ಕರಗುವ ಆಮ್ಲಜನಕ ಸುಮಾರು 8 ಮಿಲಿಗ್ರಾಂ, ಅಷ್ಟೇ. ಬೆಳಗಾಗುವ ಹೊತ್ತಿಗೆ ಅದು ತಳ ಕಂಡಿರುತ್ತದೆ. ಆ ರಾತ್ರಿಯೇ ಮಳೆ ಬಂತು ಅಂದುಕೊಳ್ಳಿ. ತಿಂಗಳುಗಟ್ಟಲೆ ಚರಂಡಿಯಲ್ಲಿ ಕೂತಿದ್ದ ಕೊಳೆ ಒಂದೇ ಸಲ ಒಳಗೆ ನುಗ್ಗುತ್ತದೆ. ತಳದ ಕಪ್ಪು ಹೂಳು ಕದಡುತ್ತದೆ. ಇವನ್ನೆಲ್ಲ ಕೊಳೆಸುವ ಬ್ಯಾಕ್ಟೀರಿಯಾ ಉಳಿದ ಆಮ್ಲಜನಕವನ್ನೂ ಹೀರಿಬಿಡುತ್ತವೆ. ಇಂಥ ದಿನ ಬೆಳಗಿನ ಜಾವ ಏರಿ ಮೇಲೆ ನಿಂತು ನೋಡಿ. ಮೀನುಗಳು ಬಾಯಿ ಮೇಲೆತ್ತಿ ಗಾಳಿಗೆ ಒದ್ದಾಡುತ್ತಿರುತ್ತವೆ.

ಕೆರೆ ದೊಡ್ಡದಾದರೆ ತಪ್ಪಿಸಿಕೊಳ್ಳುತ್ತದೆ ಅನ್ನುವಂತಿಲ್ಲ. ಅಮೆರಿಕ-ಕೆನಡಾ ಗಡಿಯ ಈರಿ ಸರೋವರ ಸುಮಾರು 25,000 ಚದರ ಕಿಲೋಮೀಟರ್ ಇದೆ. 2014ರ ಆಗಸ್ಟ್‌ನಲ್ಲಿ ಅದರ ದಡದ, ಅಮೆರಿಕದ ಟೊಲಿಡೊ ಊರಿನಲ್ಲಿ 4 ಲಕ್ಷಕ್ಕೂ ಹೆಚ್ಚು ಜನ ನಲ್ಲಿ ನೀರು ಕುಡಿಯುವಂತಿರಲಿಲ್ಲ. ನೀಲಿಹಸಿರು ಪಾಚಿ ಬಿಟ್ಟ ನಂಜು ನೀರಿಗೆ ಸೇರಿತ್ತು. ಈ ನಂಜು ಕುದಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಬಣ್ಣ ಕಲಸಿದ ಹಾಗೆ ಹಸಿರು ಕೆನೆ ಕಟ್ಟಿದ ಕಡೆ ಹಸು, ನಾಯಿಗಳಿಗೆ ನೀರು ಕುಡಿಸಬೇಡಿ. ಸತ್ತ ಮೀನನ್ನಂತೂ ಮನೆಗೆ ತರಲೇಬೇಡಿ.

ಕಾರಂಜಿ ಹಾಕಿದರೆ ಸರಿಹೋಗುತ್ತಾ ಅಂತ ಕೇಳಬಹುದು. ಮೀನಿಗೆ ಒಂದಿಷ್ಟು ಉಸಿರು ಸಿಗುತ್ತದೆ, ನೋಡಲೂ ಚೆಂದ. ರಂಜಕ ಮಾತ್ರ ಅಲ್ಲೇ ಇರುತ್ತದೆ. ಮೊದಲು ಚರಂಡಿ ನಿಲ್ಲಬೇಕು. ನಿಂತ ಮೇಲೂ ಹಳೇ ಹೂಳು ವರ್ಷಗಟ್ಟಲೆ ರಂಜಕ ಬಿಡುತ್ತಲೇ ಇರುತ್ತದೆ.

ಹಿಂದೆ ಹೂಳು ತೆಗೆಯೋಕೆ ಯಾರೂ ಯೋಜನೆ ಹಾಕಿರಲಿಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಗೋಡು, ಅಂದರೆ ತಳದ ಹೂಳುಮಣ್ಣು, ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಹೊಲದಿಂದ ಬಂದದ್ದು ಹೊಲಕ್ಕೇ ವಾಪಸ್. ಮೈಸೂರಿನ ಕುಕ್ಕರಹಳ್ಳಿ ಕೆರೆಯನ್ನೂ 1864ರಲ್ಲಿ ಕಟ್ಟಿಸಿದ್ದು ಬೇಸಾಯಕ್ಕೇ, ವಾಕಿಂಗಿಗಲ್ಲ. ಈಗ ಊರೊಳಗಿನ ಕೆರೆಯ ಗೋಡನ್ನು ಹಾಗೇ ತಂದು ಹೊಲಕ್ಕೆ ಸುರಿಯುವಂತಿಲ್ಲ. ಸೀಸದಂಥ ಲೋಹ ಇದೆಯಾ ಅಂತ ಮಣ್ಣು ಪರೀಕ್ಷೆ ಮಾಡಿಸಿಯೇ ಹಾಕಬೇಕು.