‘ಸಣ್ಣ ಬದಲಾವಣೆ’ಗೂ ಲೆಕ್ಕವಿರಲಿ

ಕೆಲವು ವರ್ಷ ಬಿಡುವು ಪಡೆದು ಮತ್ತೆ ಫ್ರೀಲಾನ್ಸ್ ಚಿತ್ರರಚನೆಗೆ, ವಿನ್ಯಾಸಕ್ಕೆ ಮರಳುವವರು ಸಲಹೆಗೆಂದು ಬಂದಾಗ ಮೊದಲು ಕೇಳುವುದು ಹೊಸ ಸಾಫ್ಟ್‌ವೇರ್ ಬಗ್ಗೆ. ಅದನ್ನು ಕಲಿಯಬಹುದು ಬಿಡಿ. ಅವರನ್ನು ಹೈರಾಣಾಗಿಸುವುದು ಗ್ರಾಹಕರ ‘ಒಂದು ಸಣ್ಣ ಬದಲಾವಣೆ’. ಬಿಡುವು ಪಡೆದದ್ದೇ ತಪ್ಪಾಯಿತೇನೋ ಎಂಬ ಅಳುಕಿನಲ್ಲಿ ಎಲ್ಲದಕ್ಕೂ ಹೂಂಗುಟ್ಟುತ್ತಾರೆ. ಇದನ್ನು ಕಂಡಾಗಲೆಲ್ಲ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ.

ಮೊದಲು ಒಪ್ಪಿಕೊಂಡ ವಿವರಕ್ಕೆ ಚಿತ್ರ ಹೊಂದದಿದ್ದರೆ ತಪ್ಪು ನಿಮ್ಮದು. ಹಣ ಕೇಳದೆ ತಿದ್ದಿಕೊಡಬೇಕು. ಚಿತ್ರ ಹೊಂದಿದೆ, ಗ್ರಾಹಕರ ಮನಸ್ಸು ಬದಲಾಗಿದೆ ಎಂದಾದರೆ ಅದು ಹೊಸ ಕೆಲಸ. ಅದರ ಸಂಭಾವನೆ, ಗಡುವು ಎರಡೂ ಬೇರೆ. ಇಷ್ಟು ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಮರುವಾರ ಅದೇ ಗೋಳು. ಹಾಗಾಗಿ ಬಿಡಿಸಿಯೇ ಹೇಳುತ್ತೇನೆ. ಪುಸ್ತಕವೊಂದರ ಮುಖಪುಟಕ್ಕೆ ರಾತ್ರಿಯ ದೃಶ್ಯ ಬರೆಯುತ್ತಿದ್ದೀರಿ ಎಂದಿಟ್ಟುಕೊಳ್ಳಿ. ಪೆನ್ಸಿಲ್ ಕರಡಿನಲ್ಲಿ ರಾತ್ರಿಯನ್ನು ಬೆಳಗಾಗಿಸುವುದು ಸುಲಭ. ಬಣ್ಣ ತುಂಬಿದ ಮೇಲಾದರೆ ಬೆಳಕಿನ ದಿಕ್ಕು ಬದಲಾಗಬೇಕು, ಪ್ರತಿ ನೆರಳನ್ನೂ ಮತ್ತೆ ಬರೆಯಬೇಕು, ಮುಖಗಳ ಬಣ್ಣ, ಕಡೆಗೆ ಶೀರ್ಷಿಕೆಯ ಅಕ್ಷರಗಳ ಬಣ್ಣವೂ ಬೇರೆಯಾಗಬೇಕು. ಕೇಳುವವರಿಗೆ ಮಾತ್ರ ಎರಡೂ ಒಂದೇ. ಅವರು ಕೆಟ್ಟವರೆಂದಲ್ಲ, ಅವರಿಗೆ ಈ ಕೆಲಸದ ಒಳಗು ಕಾಣುವುದಿಲ್ಲ. ಆದ್ದರಿಂದ ಕರಡು, ಬಣ್ಣ, ಅಂತಿಮ ಕಡತ ಇವುಗಳಿಗೆ ಬೇರೆಬೇರೆಯಾಗಿ ಇಮೇಲ್‌ನಲ್ಲಿ ಒಪ್ಪಿಗೆ ಪಡೆಯಿರಿ. ಫೋನಿನಲ್ಲಿ ಮಾತಾಗಿದ್ದರೆ ಅದನ್ನೇ ನಾಲ್ಕು ಸಾಲು ಬರೆದು ಕಳುಹಿಸಿ.

ನಿಮ್ಮ ತಪ್ಪು, ಗ್ರಾಹಕರ ಮನಸ್ಸಿನ ಬದಲಾವಣೆ ಈ ಎರಡಕ್ಕೂ ಸೇರದ ಸಂಗತಿಗಳೂ ಇವೆ. ಪರದೆಯ ಬಣ್ಣ ಬೆಳಕಿನಿಂದ ಮೂಡುವಂಥದ್ದು, ಮುದ್ರಣದ್ದು ಶಾಯಿಯಿಂದ. ಪರದೆಯಲ್ಲಿ ಹೊಳೆಯುವ ಹಸಿರು, ನೀಲಿಗಳು ಕಾಗದದ ಮೇಲೆ ಸಾಮಾನ್ಯವಾಗಿ ಮಂಕಾಗುತ್ತವೆ. ಮೊದಲೇ ಹೇಳದಿದ್ದರೆ ಅದೂ ನಿಮ್ಮ ತಲೆಗೇ ಬರುತ್ತದೆ.

ಮಗುವಿನ ಆರೈಕೆಗೆಂದು ಕೆಲಸ ಬಿಟ್ಟಿದ್ದ ಕಲಾವಿದೆಯೊಬ್ಬರು ಹಳೆಯ ಗ್ರಾಹಕರೊಂದಿಗೇ ಮತ್ತೆ ಆರಂಭಿಸಿದರು. ಅಲ್ಲಿ ಅಭಿಪ್ರಾಯ ಹೇಳಲು ಐದಾರು ಜನ. ಚಿತ್ರದ ಹುಡುಗಿಗೆ ಒಬ್ಬರು ಜಡೆ ಹಾಕಿಸಿದರೆ ಇನ್ನೊಬ್ಬರು ಬಿಚ್ಚಿಸಿದರು. ಎಂಥ ಸೊಗಸಾದ ಕೈ ಅವರದು! ಆದರೆ ‘ಒಪ್ಪಿಗೆ ಕೊಡುವವರು ಒಬ್ಬರೇ ಇರಲಿ, ತಿದ್ದುಪಡಿಯ ಪ್ರತಿ ಹೆಚ್ಚುವರಿ ಸುತ್ತಿಗೂ ಪ್ರತ್ಯೇಕ ಸಂಭಾವನೆ’ ಎಂದು ಬರೆಯಲು ಅಂಜಿಕೆ. ಕಡೆಗೂ ಬರೆದರು. ಗ್ರಾಹಕರು ತಮ್ಮತಮ್ಮಲ್ಲೇ ಚರ್ಚಿಸಿ ಒಂದೇ ಪಟ್ಟಿ ಕಳುಹಿಸತೊಡಗಿದರು. ಎಲ್ಲರೂ ಹೀಗೇ ಎನ್ನಲಾರೆ, ಕೆಲವರು ಬಿಟ್ಟುಹೋಗುತ್ತಾರೆ.

ಎಷ್ಟು ಸುತ್ತು ಎಂಬುದು ಆಯಾ ಕೆಲಸಕ್ಕೆ ಬಿಟ್ಟದ್ದು, ಮುಖಪುಟಕ್ಕೆ ಎರಡು ಸಾಕು ಎಂದು ನನ್ನ ಅಭಿಪ್ರಾಯ. ಕೆಲಸ ಅರ್ಧಕ್ಕೆ ನಿಂತರೆ ಎಷ್ಟು ಹಣ ಎಂಬುದನ್ನು ಮುಂಗಡ ಪಡೆಯುವಾಗಲೇ ಬರೆಸಿಕೊಳ್ಳಿ. ಹಕ್ಕುಸ್ವಾಮ್ಯವನ್ನು ಪೂರ್ತಿ ಬಿಟ್ಟುಕೊಡಬೇಕೆಂಬ ಷರತ್ತು ಕಂಡರೆ ಸಹಿ ಹಾಕುವ ಮುನ್ನ ವಕೀಲರಿಗೆ ತೋರಿಸಿ.