ಹಾಡು ಮುಗಿಯೋದ್ರೊಳಗೆ ಮನೆ ಎಲ್ಲಿ ಹೋಯ್ತು?

ಪ್ರಶ್ನೆ: ಸಂಗೀತ ನಾಟಕಗಳಲ್ಲಿ ಒಂದು ಹಾಡು ಮುಗಿಯುವಷ್ಟರಲ್ಲಿ ಮನೆ ಮಾಯವಾಗಿ ಬೀದಿ ಬಂದಿರುತ್ತದೆ. ಅಷ್ಟೆತ್ತರದ ಗೋಡೆಗಳನ್ನು ಇಬ್ಬರೋ ಮೂವರೋ ಹೇಗೆ ಸರಿಸುತ್ತಾರೆ?

ಉತ್ತರ: ಅದು ಗೋಡೆಯೇ ಅಲ್ಲ! ರಂಗದವರು ಅದಕ್ಕೆ ಫ್ಲಾಟ್ ಅನ್ನುತ್ತಾರೆ. ಒಂದಿಂಚು ದಪ್ಪ, ಮೂರಿಂಚು ಅಗಲದ ಮರದ ಪಟ್ಟಿಗಳ ಚೌಕಟ್ಟು, ಮೇಲೊಂದು ಹತ್ತಿ ಬಟ್ಟೆ, ಅಷ್ಟೇ. ಹತ್ತಡಿ ಎತ್ತರದ್ದನ್ನೂ ಕೈ ಪಳಗಿದ ಒಬ್ಬರೇ ನಡೆಸಿಕೊಂಡು ಹೋಗುತ್ತಾರೆ.

ಬಟ್ಟೆ ಹೊದಿಸುವಾಗ ಹೊಸಬರೆಲ್ಲ ಒಂದೇ ತಪ್ಪು ಮಾಡುತ್ತಾರೆ. ಮಂಚದ ನವಾರಿನ ಹಾಗೆ ಬಿಗಿಯಾಗಿ ಎಳೆದು ಮೊಳೆ ಹೊಡೆಯುತ್ತಾರೆ. ಸ್ವಲ್ಪ ಸಡಿಲವಾಗಿಯೇ ಬಿಡಬೇಕು. ಮೇಲೆ ಅಂಟಿನ ನೀರು ಬಳಿದರೆ ಒಣಗುತ್ತಾ ಒಣಗುತ್ತಾ ಬಟ್ಟೆ ತಾನೇ ಕುಗ್ಗಿ ಬಿಗಿಯಾಗುತ್ತದೆ. ಮೊದಲೇ ಬಿಗಿದಿದ್ದರೆ ಕುಗ್ಗುವಾಗ ಚೌಕಟ್ಟನ್ನೇ ಒಳಕ್ಕೆ ಎಳೆದುಬಿಡುತ್ತದೆ. ಬಾಗಿಲು ಇರುವ ಕಡೆ ಮಾತ್ರ ಬಟ್ಟೆ ಸಾಲದು. ನಟ ಸಿಟ್ಟಿನಲ್ಲಿ ಬಾಗಿಲು ಹಾಕಿಕೊಂಡರೆ ಇಡೀ ಮನೆ ನಡುಗುತ್ತದೆ, ಜನ ನಗುತ್ತಾರೆ. ಅಲ್ಲಿಗೆ ಪ್ಲೈವುಡ್ ಹೊಡೆದು, ಹಿಂದೆ ಊರುಗೋಲು ಕೊಟ್ಟು, ಅದರ ಬುಡಕ್ಕೆ ಭಾರ ಇಡುತ್ತಾರೆ.

ಕಟ್ಟುವುದಕ್ಕಿಂತ ಕಷ್ಟ ಸರಿಸುವುದು. ಮನೆಯನ್ನು ಹೊತ್ತ ವೇದಿಕೆಗೆ ಚಕ್ರ ಹಾಕಿದರೆ ಅದು ವ್ಯಾಗನ್. ಯಾವ ದಿಕ್ಕಿಗೆ ಬೇಕಾದರೂ ತಿರುಗಿಕೊಳ್ಳುವ ಚಕ್ರ ಇದ್ದರೆ ಒಳ್ಳೆಯದು ಅಂತ ನಾನೂ ಅಂದುಕೊಂಡಿದ್ದೆ. ಒಮ್ಮೆ ಒಳಗೆ ತಳ್ಳಿದ ವ್ಯಾಗನ್ನನ್ನು ವಾಪಸ್ ಎಳೆದಾಗ ಚಕ್ರಗಳೆಲ್ಲ ಮೊದಲು ಹಿಂದುಮುಂದಾದವು. ವ್ಯಾಗನ್ ಪಕ್ಕಕ್ಕೆ ಜಿಗಿಯಿತು. ಮೇಜಿನ ಮೇಲಿದ್ದ ಹೂಜಿ ಉರುಳಿತು, ಅದೂ ಮೆಲುದನಿಯ ಹಾಡಿನ ಮಧ್ಯೆ! ನೇರವಾಗಿ ಮಾತ್ರ ಹೋಗಿಬರುವ ವ್ಯಾಗನ್‌ಗೆ ದಿಕ್ಕು ಬದಲಿಸದ ಚಕ್ರವೇ ಸರಿ, ಅದೂ ಸದ್ದು ಮಾಡದ ರಬ್ಬರಿನದು. ಕುಣಿಯುವ ಜಾಗವಾದರೆ ವೇದಿಕೆಯ ಹಲಗೆ ಮೇಲೂ ಏನಾದರೂ ಮೆತ್ತನೆಯದು ಹಾಸಬೇಕು. ಇಲ್ಲದಿದ್ದರೆ ಟೊಳ್ಳು ವೇದಿಕೆ ನಗಾರಿಯಾಗುತ್ತದೆ.

ಹಾಗಾಗಿ ಮಾತಿನ ನಾಟಕದ ಸೆಟ್ ಬೇರೆ, ಹಾಡಿನ ನಾಟಕದ ಸೆಟ್ ಬೇರೆ. ಇಲ್ಲಿ ವಿನ್ಯಾಸಕರು ಪೆನ್ಸಿಲ್ ಹಿಡಿಯುವ ಮುಂಚೆ ಸಂಗೀತ ನಿರ್ದೇಶಕರನ್ನು ಕೇಳಬೇಕು: ದೃಶ್ಯ ಬದಲಾಗೋಕೆ ಎಷ್ಟು ಬಾರ್ ಸಂಗೀತ ಇದೆ? ಬೀಟ್ ಅಂದರೆ ತಾಳದ ಒಂದು ಪೆಟ್ಟು, ಬಾರ್ ಅಂದರೆ ಇಷ್ಟು ಬೀಟ್ ಅಂತ ಎಣಿಸಿದ ಸಂಗೀತದ ಒಂದು ತುಂಡು. ಎಂಟು ಬಾರ್, ಬಾರಿಗೆ 4 ಬೀಟ್, ನಿಮಿಷಕ್ಕೆ 120 ಬೀಟ್ ಅಂದರೆ ಸಿಗುವುದು 16 ಸೆಕೆಂಡು. ಅಷ್ಟರಲ್ಲಿ ಹೊರಗೆ ಹೋಗದ ಮೆಟ್ಟಿಲು ಎಷ್ಟು ಚೆಂದ ಇದ್ದರೇನು, ಅಲ್ವಾ? ಸೈಡ್ ವಿಂಗ್‌ನಲ್ಲಿ, ಅಂದರೆ ರಂಗದ ಪಕ್ಕ ಜನರಿಗೆ ಕಾಣದ ಜಾಗದಲ್ಲಿ, ಅದನ್ನು ನಿಲ್ಲಿಸಲು ಜಾಗ ಇದೆಯಾ ಅನ್ನುವುದನ್ನೂ ಅಳೆದುಕೊಳ್ಳಬೇಕು. ಇದನ್ನು ಮರೆಯುವವರೇ ಜಾಸ್ತಿ.

ಇನ್ನೊಂದು ಉಪಾಯ ಗಾಜ್ ಪರದೆ, ಸೊಳ್ಳೆಪರದೆಯಂಥ ತೆಳು ಬಟ್ಟೆ. ಮುಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಹಿಂದೆ ಕತ್ತಲು ಮಾಡಿದರೆ ಅದರ ಮೇಲೆ ಬರೆದ ಬೀದಿ ಕಾಣುತ್ತದೆ. ಮುಂದಿನ ಬೆಳಕು ಆರಿಸಿ ಹಿಂದೆ ಹಚ್ಚಿದರೆ ಬೀದಿ ಕರಗಿ ಮನೆ ಕಾಣುತ್ತದೆ. ನೀವು ನೋಡಿದ ಮನೆ ಒಂದಿಂಚೂ ಕದಲದೆ ಅಲ್ಲೇ ಇದ್ದಿರಬಹುದು.